ಗರ್ಭಚೀಲ ಉಳಿಸುವ ಸರಳ ಪರೀಕ್ಷೆಗಳು



ತಾಯಿಯ ನೆನಪಿನಲ್ಲಿ ಕುಟುಂಬವೊಂದು ಸ್ಥಾಪಿಸಿದ ಈ ದತ್ತಿಯ ಆಶಯಪತ್ರದಲ್ಲಿ ‘ಸಾಮಾನ್ಯ ಮಹಿಳೆಯರಿಗೆ ಉಪಯೋಗವಾಗುವ ಆರೋಗ್ಯ ವಿಷಯ’ ಎಂದಿದೆ. ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡಿದ್ದೇನೆ. ಇವತ್ತು ನಾನು ಮಾತನಾಡಲಿರುವ ಪರೀಕ್ಷೆಗೆ ಬೇಕಾಗುವ ಸಾಮಾನು ಇಷ್ಟು: ಒಂದು ಮಂಚ, ಒಳ್ಳೆಯ ಬೆಳಕು, ಯೋನಿಯನ್ನು ಅಗಲಿಸಿ ಒಳಗೆ ನೋಡಲು ಬಳಸುವ ಸ್ಪೆಕ್ಯುಲಂ, ಹತ್ತಿ, ನೀರು ಬೆರೆಸಿದ ಅಸಿಟಿಕ್ ಆಮ್ಲ, ಸೆಕೆಂಡಿನ ಮುಳ್ಳಿರುವ ಗಡಿಯಾರ, ಮತ್ತು ತರಬೇತಿ ಪಡೆದ ಒಬ್ಬ ನರ್ಸ್. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಅರಿವಳಿಕೆ ಬೇಡ. ಇಷ್ಟರಿಂದ ಗರ್ಭಕಂಠದ ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗುವ ಮೊದಲೇ ಹಿಡಿಯಬಹುದು. ಅದಕ್ಕಿಂತಲೂ ಸರಳವಾದ, ಸ್ಪೆಕ್ಯುಲಂ ಕೂಡ ಬೇಡದ ಪರೀಕ್ಷೆಯೊಂದು ಈಗ ಬಂದಿದೆ. ಅದನ್ನೂ ಹೇಳುತ್ತೇನೆ. ಇವೆರಡೂ ನಮ್ಮ ಹೆಣ್ಣುಮಕ್ಕಳಿಗೆ ಸಿಗದೇ ಇರುವುದರಿಂದ ಆಗುತ್ತಿರುವ ಅನಾಹುತದ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿದೆ.

ಮೊದಲು ರೋಗದ ವಿಷಯ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 1,27,000 ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಸುಮಾರು 80,000 ಮಂದಿ ಸಾಯುತ್ತಾರೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ದೇಶದ ಹಳೆಯ ನೋಂದಣಿಗಳಲ್ಲಿ ಒಂದು. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1980ರ ದಶಕದ ಆರಂಭದಿಂದ ಆ ಲೆಕ್ಕ ಇಡುತ್ತ ಬಂದಿದೆ. ನಗರದಲ್ಲಿ ಈ ಕ್ಯಾನ್ಸರಿನ ಪ್ರಮಾಣ ದಶಕದಿಂದ ದಶಕಕ್ಕೆ ಇಳಿಯುತ್ತಿದೆ ಎಂಬುದು ಆ ಲೆಕ್ಕದಲ್ಲಿ ಕಾಣುತ್ತದೆ. ಮದುವೆಯ ವಯಸ್ಸು ಏರಿದ್ದು, ಹೆರಿಗೆಗಳು ಕಡಿಮೆಯಾದದ್ದು, ಸ್ವಚ್ಛತೆ ಸುಧಾರಿಸಿದ್ದು ಇದಕ್ಕೆ ಕಾರಣಗಳು. ತಪಾಸಣೆಯ ಪಾಲು ಇದರಲ್ಲಿ ತೀರಾ ಕಡಿಮೆ, ಏಕೆಂದರೆ ತಪಾಸಣೆ ನಡೆದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರನ್ನು ‘ಎಂದಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿದ್ದೀರಾ’ ಎಂದು ಕೇಳಿದಾಗ ಹೌದು ಎಂದವರು ದೇಶದಲ್ಲಿ ಶೇ. 1.9. ತಮಿಳುನಾಡಿನಲ್ಲಿ ಶೇ. 10ರ ಹತ್ತಿರ ಇತ್ತು. ದೇಶದಲ್ಲೇ ಅದು ಅತಿ ಹೆಚ್ಚಿನದು.

ಈ ರೋಗಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರ ಪ್ರಯೋಗಾಲಯ 1983–84ರಲ್ಲಿ ಗರ್ಭಕಂಠದ ಗಂತಿಗಳಲ್ಲಿ ಈ ವೈರಸ್ಸಿನ 16 ಮತ್ತು 18ನೇ ತಳಿಗಳನ್ನು ಪತ್ತೆಮಾಡಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ವೈರಸ್ ಅಂಟುವುದು ಬಹಳ ಸಾಮಾನ್ಯ. ಸಂಸಾರ ಮಾಡುವ ಹೆಚ್ಚಿನ ಹೆಂಗಸರಿಗೆ, ಗಂಡಸರಿಗೆ ಜೀವನದಲ್ಲಿ ಒಮ್ಮೆಯಾದರೂ ಅಂಟಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಆದ್ದರಿಂದ ಇದರಲ್ಲಿ ಯಾರ ನಡತೆಯನ್ನೂ ಅಳೆಯುವಂಥದ್ದೇನೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಫಲಿತಾಂಶದ ಚೀಟಿ ಹಿಡಿದು ಮನೆಗೆ ಹೋದ ಹೆಂಗಸಿಗೆ ಅತ್ತೆಯ ಮನೆಯಲ್ಲಿ ಏನೇನು ಪ್ರಶ್ನೆ ಎದುರಾಗುತ್ತದೆಂದು ಗೊತ್ತಿದೆ. ಕೆಲವರಲ್ಲಿ ಮಾತ್ರ ವೈರಸ್ ಉಳಿದುಕೊಂಡು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಆ ಕೆಡುಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬೇಕು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಇನ್ನೊಂದು ಸಿಗುವುದು ಕಷ್ಟ.

ಈ ಅವಧಿಯಲ್ಲಿ ಹಿಡಿಯುವ ಮೊದಲ ದಾರಿ ತೋರಿಸಿದವರು ಗ್ರೀಸಿನಿಂದ ಅಮೆರಿಕಕ್ಕೆ ಹೋದ ಜಾರ್ಜ್ ಪ್ಯಾಪನಿಕೊಲೊವ್. ಅವರ ಪತ್ನಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮದೇ ಮಾದರಿಯನ್ನು ಗಂಡನ ಸೂಕ್ಷ್ಮದರ್ಶಕಕ್ಕೆ ಒದಗಿಸಿದರು. ಗರ್ಭಕಂಠದಿಂದ ಉದುರಿದ ಕೋಶಗಳನ್ನು ಗಾಜಿನ ಮೇಲೆ ಸವರಿ ನೋಡಿದರೆ ಕ್ಯಾನ್ಸರಿನ ಸುಳಿವು ಸಿಗುತ್ತದೆಂದು ಪ್ಯಾಪನಿಕೊಲೊವ್ 1928ರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಬರೆದ ಪುಸ್ತಕ ಬಂದ ಮೇಲೆ ಪ್ಯಾಪ್ ಸ್ಮಿಯರ್ ಪ್ರಪಂಚಕ್ಕೆ ಪರಿಚಯವಾಯಿತು. ಫಿನ್‌ಲ್ಯಾಂಡಿನಂಥ ದೇಶಗಳು 1960ರ ದಶಕದಿಂದ ಪ್ರತಿ ಮಹಿಳೆಗೂ ಪತ್ರ ಬರೆದು ಕರೆದು ಸ್ಮಿಯರ್ ಮಾಡಿ ಈ ರೋಗವನ್ನು ಬಹುಮಟ್ಟಿಗೆ ಇಳಿಸಿಬಿಟ್ಟವು. ಅದು ಅವರಿಗೆ ಸಾಧ್ಯವಾಯಿತು. ಆದರೆ ಸ್ಮಿಯರಿಗೆ ಲ್ಯಾಬ್ ಬೇಕು, ಓದುವ ತಜ್ಞರು ಬೇಕು, ವರದಿ ಬಂದ ಮೇಲೆ ಆಕೆಯನ್ನು ಮತ್ತೆ ಕರೆಸಬೇಕು. ನಮ್ಮಲ್ಲಿ ಕೂಲಿ ಬಿಟ್ಟು, ಬಸ್ ಹಿಡಿದು ಒಮ್ಮೆ ಬಂದ ಹೆಂಗಸು ಮೂರು ವಾರದ ನಂತರ ವರದಿಗಾಗಿ ಮತ್ತೆ ಬರುವುದು ಅಪರೂಪ. ಅದು ಆಕೆಯ ಅಸಡ್ಡೆಯಲ್ಲ. ನಾವು ಆಕೆಯಿಂದ ಬಯಸಿದ್ದೇ ಜಾಸ್ತಿ.

ಹೀಗಾಗಿ ವಿಐಎ ಬಂತು, ಅಂದರೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ಅದು ಹೇಗೆ ನಡೆಯುತ್ತದೆಂದು ವಿವರವಾಗಿ ಹೇಳುತ್ತೇನೆ. ಭಯ ಇರುವುದೇ ಗೊತ್ತಿಲ್ಲದಿರುವುದರಿಂದ. ಬಂದ ಹೆಂಗಸಿನ ಜೊತೆ ಸಿಸ್ಟರ್ ಮೊದಲು ಕುಳಿತು ಮಾತನಾಡುತ್ತಾರೆ, ಏನು ಮಾಡುತ್ತೇವೆಂದು ಹೇಳಿ ಒಪ್ಪಿಗೆ ಪಡೆಯುತ್ತಾರೆ. ಮೂತ್ರ ವಿಸರ್ಜಿಸಿ ಬರಲು ಹೇಳುತ್ತಾರೆ. ಪರದೆ ಎಳೆದು, ಮೇಲೆ ಬಟ್ಟೆ ಹೊದಿಸಿ ಮಲಗಿಸುತ್ತಾರೆ. ಸ್ಪೆಕ್ಯುಲಂ ಅನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆಲ್ಲಗೆ ಒಳಗಿಡುತ್ತಾರೆ. ದೀಪ ತಿರುಗಿಸಿದರೆ ಗರ್ಭಕಂಠ ಕಾಣುತ್ತದೆ: ಗುಲಾಬಿ ಬಣ್ಣದ ನಯವಾದ ಮೇಲ್ಮೈ, ನಡುವೆ ಸಣ್ಣ ಬಾಯಿ, ಬಾಯಿಯ ಸುತ್ತ ಗುಲಾಬಿ ಮತ್ತು ಕೆಂಪು ಸೇರುವ ಒಂದು ಗೆರೆ. ಕೆಡುಕು ಶುರುವಾಗುವುದು ಆ ಗೆರೆಯ ಆಸುಪಾಸಿನಲ್ಲಿ. ಶೇ. 3ರಿಂದ 5ರಷ್ಟು ಸಾಂದ್ರತೆಯ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿ ಇಟ್ಟು ತೆಗೆಯುತ್ತಾರೆ. ಅಡುಗೆಮನೆಯ ವಿನೆಗರಿನಷ್ಟೇ ಕಡುಪು; ಸ್ವಲ್ಪ ಉರಿ ಅನ್ನಿಸಬಹುದು. ನಂತರ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ಕೋಶಗಳಲ್ಲಿ ಪ್ರೋಟೀನ್ ದಟ್ಟವಾಗಿರುವ ಕಡೆ ಆಮ್ಲ ತಾಗಿ ಬೆಳ್ಳಗಾಗುತ್ತದೆ. ಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿ, ದಪ್ಪನೆಯ ಬಿಳಿ ಮಚ್ಚೆ ಮೂಡಿ ನಿಂತರೆ ಪರೀಕ್ಷೆ ಪಾಸಿಟಿವ್. ತೆಳುವಾಗಿ ಮೂಡಿ ಬೇಗ ಮಾಸಿಹೋದರೆ, ಅಥವಾ ಗೆರೆಯಿಂದ ದೂರ ಚುಕ್ಕೆಚುಕ್ಕೆಯಾಗಿ ಕಂಡರೆ, ಅಲ್ಲ. ಈ ವ್ಯತ್ಯಾಸ ಕಣ್ಣಿಗೆ ರೂಢಿಯಾಗಲು ತರಬೇತಿ, ನಡುನಡುವೆ ಮರುತರಬೇತಿ, ಮೇಲ್ವಿಚಾರಣೆ ಬೇಕೇ ಬೇಕು. ಅವಸರದ ಶಿಬಿರಗಳಲ್ಲಿ ನಿಮಿಷ ಕಾಯದೆ ಹತ್ತು ಸೆಕೆಂಡಿಗೆ ‘ನಾರ್ಮಲ್’ ಎಂದು ಬರೆದರೆ ಅದು ಪರೀಕ್ಷೆಯೇ ಅಲ್ಲ. ನರ್ಸಿಂಗ್ ವಿದ್ಯಾರ್ಥಿಗಳೆ, ಆ ಒಂದು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡಿ.

ಆಮ್ಲ ಹಚ್ಚಿ ನೋಡುವ ಕ್ರಮಕ್ಕೆ ಒಂದು ಕತ್ತಲ ಅಧ್ಯಾಯವೂ ಇದೆ. ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪನ್ನು 1925ರಲ್ಲಿ ರೂಪಿಸಿದ, ಆಮ್ಲದ ಬಳಕೆಯನ್ನು ಬೆಳೆಸಿದ ಹ್ಯಾಂಬರ್ಗಿನ ಹಾನ್ಸ್ ಹಿನ್ಸೆಲ್‌ಮಾನ್ ಅವರಿಗೆ ನಾಜಿಗಳ ಔಶ್ವಿಟ್ಸ್ ಸೆರೆಶಿಬಿರದ ಹತ್ತನೇ ಬ್ಲಾಕಿನಲ್ಲಿ ಬಂದಿಗಳಾಗಿದ್ದ ಮಹಿಳೆಯರ ಮೇಲೆ ನಡೆದ ಪ್ರಯೋಗಗಳ ನಂಟು ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ರೋಮಾ ಸಮುದಾಯದ ಮಹಿಳೆಯರ ಬಲವಂತದ ಸಂತಾನಹರಣಕ್ಕಾಗಿ ಅವರಿಗೆ ಶಿಕ್ಷೆಯಾಯಿತು. ಸರಳ ಪರೀಕ್ಷೆ ಎಂದಮಾತ್ರಕ್ಕೆ ಒಪ್ಪಿಗೆ ಕೇಳುವುದೂ ಸರಳವಾಗಿ ಮುಗಿದುಬಿಡಬೇಕು ಎಂದು ಯಾರಾದರೂ ವಾದಿಸಿದರೆ ಈ ಅಧ್ಯಾಯವನ್ನು ನೆನಪಿಸಬೇಕು.

ವಿಐಎ ನಿಜಕ್ಕೂ ಜೀವ ಉಳಿಸುತ್ತದೆಯೆ? ಇದಕ್ಕೆ ಉತ್ತರ ಜಗತ್ತಿಗೆ ಸಿಕ್ಕಿದ್ದು ನಮ್ಮ ಸುತ್ತಮುತ್ತಲಿಂದಲೇ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ನರ್ಸ್‌ಗಳು 30ರಿಂದ 59ರ ಮಹಿಳೆಯರಿಗೆ ಒಂದೇ ಒಂದು ಸಲ ವಿಐಎ ಮಾಡಿ, ಬೇಕಾದವರಿಗೆ ಅಲ್ಲೇ, ಕೆಟ್ಟ ಭಾಗವನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಶೀತ ಚಿಕಿತ್ಸೆ ಕೊಟ್ಟರು. ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಸಾವು ಶೇ. 35ರಷ್ಟು ಇಳಿಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಅವರ ತಂಡ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಹನ್ನೆರಡು ವರ್ಷ ಗಮನಿಸಿತು. ಪರೀಕ್ಷೆ ಮಾಡಿದವರು ಹತ್ತನೇ ತರಗತಿಯವರೆಗೆ ಓದಿದ ಸ್ಥಳೀಯ ಹೆಣ್ಣುಮಕ್ಕಳು. ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಪರೀಕ್ಷೆ ನಡೆದ ಗುಂಪಿನಲ್ಲಿ ಸಾವು ಶೇ. 31 ಕಡಿಮೆ. 2013ರಲ್ಲಿ ಷಿಕಾಗೋದ ದೊಡ್ಡ ಕ್ಯಾನ್ಸರ್ ಸಮ್ಮೇಳನದಲ್ಲಿ ಈ ಫಲಿತಾಂಶವನ್ನು ಪ್ರಧಾನ ಗೋಷ್ಠಿಯಲ್ಲೇ ಮಂಡಿಸಲಾಯಿತು.

ಮೂರನೆಯ ಅಧ್ಯಯನ ನಮ್ಮ ಗಡಿಗೆ ಇನ್ನೂ ಹತ್ತಿರದ್ದು. ಬೀದರ, ಕಲಬುರಗಿಗಳ ಪಕ್ಕದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಜಿಲ್ಲೆಯ 497 ಹಳ್ಳಿಗಳಲ್ಲಿ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ನೆಲೆಯಿಂದ, 1,31,746 ಮಹಿಳೆಯರ ಮೇಲೆ ನಡೆದದ್ದು. ಅಲ್ಲಿ ಪ್ಯಾಪ್, ವಿಐಎ, ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಮೂರನ್ನೂ ಒಂದೊಂದು ಗುಂಪಿನಲ್ಲಿ ಒಮ್ಮೆ ಮಾತ್ರ ಮಾಡಿ ಹೋಲಿಸಿದರು. 2009ರಲ್ಲಿ ಬಂದ ಫಲಿತಾಂಶ: ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು, ಉಳಿದೆರಡರಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ವಿಐಎ ಬಗ್ಗೆ ಅಭಿಮಾನ ಇರುವ ನಾನೂ ಇದನ್ನು ಮುಚ್ಚಿಡುವುದಿಲ್ಲ. ಬರಿಗಣ್ಣಿನ ಪರೀಕ್ಷೆ ನೋಡುವವರ ಕೈಗುಣದ ಮೇಲೆ ನಿಂತಿದೆ. ಐವತ್ತು ದಾಟಿದವರಲ್ಲಿ ನಾನು ಹೇಳಿದ ಆ ಗೆರೆ ಒಳಕ್ಕೆ ಸರಿದು ಕಣ್ಣಿಗೆ ಸಿಗುವುದೇ ಕಷ್ಟ.

ಈ ಮೂರೂ ಅಧ್ಯಯನಗಳಲ್ಲಿ ಇನ್ನೊಂದು ಗುಂಪು ಇತ್ತು. ಹೋಲಿಕೆಗಾಗಿ ಇಟ್ಟುಕೊಂಡ ಆ ಮಹಿಳೆಯರಿಗೆ ತಿಳಿವಳಿಕೆ ಕೊಟ್ಟರು, ಕ್ರಮಬದ್ಧ ತಪಾಸಣೆ ಮಾಡಲಿಲ್ಲ. ದೇಶದಲ್ಲಿ ಹೇಗೂ ತಪಾಸಣೆ ಇಲ್ಲ, ಆದ್ದರಿಂದ ಅವರಿಗೆ ಇದ್ದದ್ದೇನೂ ತಪ್ಪಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ಪರೀಕ್ಷೆಗಳು ಉಪಯುಕ್ತವೆಂದು ಆಗಲೇ ಗೊತ್ತಿದ್ದಾಗ ಬಡ ಹೆಂಗಸರನ್ನು ಹಾಗೆ ಬಿಡಬಾರದಿತ್ತು ಎಂಬುದು ಟೀಕಾಕಾರರ ವಾದ. ನಾನು ಟೀಕಾಕಾರರ ಕಡೆಗೇ ಹೆಚ್ಚು ವಾಲುತ್ತೇನೆ. ಶೇಕಡಾ ಇಷ್ಟು ಸಾವು ಇಳಿಯಿತು ಎಂದು ಈ ವೇದಿಕೆಯಲ್ಲಿ ನಿಂತು ಹೇಳಲು ಸಾಧ್ಯವಾಗಿರುವುದು ಆ ಇನ್ನೊಂದು ಗುಂಪಿನಲ್ಲಿ ತೀರಿಕೊಂಡ ಹೆಂಗಸರಿಂದ. ಅವರ ಋಣ ತೀರಿಸಲು ಇರುವ ದಾರಿ ಒಂದೇ, ಆ ಜ್ಞಾನವನ್ನು ಪ್ರತಿ ಹಳ್ಳಿಗೆ ಮುಟ್ಟಿಸುವುದು. ವರ್ಷಗಳು ಕಳೆದರೂ 2019–21ರ ಸಮೀಕ್ಷೆಯಲ್ಲಿ ನಾವು ಶೇ. 1.9ರಲ್ಲಿ ನಿಂತಿದ್ದೆವು.

ಈಗ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಕುದಿಯುತ್ತಿರುವ ವಿಷಯಕ್ಕೆ ಬರುತ್ತೇನೆ. ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಯಾವ ಸ್ತ್ರೀರೋಗ ವೈದ್ಯೆಗಾದರೂ ಈ ಮಾತು ಪರಿಚಿತ. ಬಿಳಿ ಹೋಗುತ್ತದೆ, ಸೊಂಟ ನೋವು ಎಂದು ಬಂದ, ಇನ್ನೂ ಮೂವತ್ತೈದೂ ಆಗದ ಹೆಂಗಸು ತಾನಾಗಿಯೇ ಕೇಳುತ್ತಾಳೆ: “ಚೀಲ ತಗದ್ ಬಿಡ್ರಿ ಮೇಡಂ. ಮುಂದ ಕ್ಯಾನ್ಸರ್ ಆಗೂದಕ್ಕಿಂತ ಅದಽ ಛಲೋ.” ಯಾರು ಹೇಳಿದರವ್ವಾ ಕ್ಯಾನ್ಸರ್ ಆಗುತ್ತದೆಂದು ಅಂತ ಕೇಳಿದರೆ, ಊರಲ್ಲಿ ಹೇಳಿದರು, ಅಕ್ಕನಿಗೂ ತೆಗೆದರು, ನಾದಿನಿಗೂ ತೆಗೆದರು. ಕೈಯಲ್ಲಿ ಒಂದು ಸ್ಕ್ಯಾನಿಂಗ್ ವರದಿ ಇರುತ್ತದೆ, ಅದರಲ್ಲಿ ಗಾಬರಿಪಡುವಂಥದ್ದೇನೂ ಇರುವುದಿಲ್ಲ. ಸ್ಪೆಕ್ಯುಲಂ ಹಾಕಿ ಯಾರೂ ಒಮ್ಮೆಯೂ ನೋಡಿರುವುದಿಲ್ಲ. ನೋಡಿದರೆ ಸಾಮಾನ್ಯ ಸೋಂಕು, ಒಂದು ವಾರದ ಔಷಧದಲ್ಲಿ ಹೋಗುವಂಥದ್ದು.

2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು, ದಲಿತ ಮಹಿಳೆಯರು ಹೀಗೆ ಅನಗತ್ಯವಾಗಿ ಗರ್ಭಕೋಶ ಕಳೆದುಕೊಂಡ ವಿಷಯ ಸುದ್ದಿಯಾಗಿ, ತನಿಖೆ ನಡೆಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ಹೊರಬಂತು. ಮುಟ್ಟಿನ ದಿನಗಳಲ್ಲಿ ಕೂಲಿ ತಪ್ಪಬಾರದು, ದಂಡ ಬೀಳಬಾರದು ಎಂಬ ಒತ್ತಡವೂ ಅಲ್ಲಿ ಸೇರಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಪ್ಪು ಬೇಗ ಅಡರುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಮೈ ಬಗ್ಗಿಸಿ ದುಡಿದೇ ಉಣ್ಣಬೇಕಾದ ಹೆಂಗಸಿಗೆ ಇದರಿಂದ ಆಗುವ ನಷ್ಟವನ್ನು ಯಾವ ವಿಮಾ ಕಾರ್ಡೂ ತುಂಬಿಕೊಡುವುದಿಲ್ಲ.

ಕ್ಯಾನ್ಸರಿನ ಭಯ ಮಾರಾಟವಾಗುವುದು ಕ್ಯಾನ್ಸರ್ ಇಲ್ಲ ಎಂದು ಹೇಳುವವರು ಯಾರೂ ಇಲ್ಲದ ಕಡೆ. ಸರಳ ತಪಾಸಣೆ ಹತ್ತಿರದಲ್ಲಿ ಸಿಕ್ಕಿದ್ದರೆ ಆ ಹೆಂಗಸರಲ್ಲಿ ಹೆಚ್ಚಿನವರಿಗೆ ‘ನಿನಗೆ ಏನೂ ಆಗಿಲ್ಲ, ಐದು ವರ್ಷ ಬಿಟ್ಟು ಮತ್ತೆ ಬಾ’ ಎಂಬ ಉತ್ತರ ಸಿಗುತ್ತಿತ್ತು. ಸಣ್ಣ ಪರೀಕ್ಷೆಗಳನ್ನು ಕೊಡದ ವ್ಯವಸ್ಥೆಯಲ್ಲಿ ಜನ ನೇರವಾಗಿ ದೊಡ್ಡ ಶಸ್ತ್ರಕ್ರಿಯೆಯ ಮೇಜಿಗೆ ಹೋಗಿ ಬೀಳುತ್ತಾರೆ. ಹೇಳಲೇಬೇಕೆಂದು ನಾನು ಇಲ್ಲಿಗೆ ತಂದ ಮಾತು ಇದು.

ಪಾಸಿಟಿವ್ ಬಂದವರಿಗೂ ಗರ್ಭಕೋಶ ತೆಗೆಯಬೇಕಿಲ್ಲ. ಹಿಂದೆ ಶೀತ ಚಿಕಿತ್ಸೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಳ್ಳಿಗೆ ಹೋಗಬೇಕಿತ್ತು. ಈಗ ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿಯುವ ಉಷ್ಣ ಚಿಕಿತ್ಸೆಯ ಸಾಧನವಿದೆ. ಅದರ ತುದಿಯನ್ನು ನೂರು ಡಿಗ್ರಿಗೆ ಕಾಯಿಸಿ ಮಚ್ಚೆಯ ಮೇಲೆ ಅರ್ಧ ನಿಮಿಷದಷ್ಟು ಹೊತ್ತು ಒತ್ತಿ ಹಿಡಿದರೆ ಕೆಟ್ಟ ಪದರ ನಾಶವಾಗುತ್ತದೆ. ಸಾಮಾನ್ಯವಾಗಿ ಅರಿವಳಿಕೆ ಬೇಡ, ಮುಟ್ಟಿನ ನೋವಿನಂಥ ಸೆಳೆತ ಸ್ವಲ್ಪ ಹೊತ್ತು ಇರುತ್ತದೆ, ಆಕೆ ನಡೆದು ಮನೆಗೆ ಹೋಗುತ್ತಾಳೆ. ಮಚ್ಚೆ ದೊಡ್ಡದಿದ್ದರೆ, ಗರ್ಭಕಂಠದ ಒಳಕ್ಕೆ ಹರಡಿದ್ದರೆ, ಕ್ಯಾನ್ಸರಿನ ಸಂಶಯವಿದ್ದರೆ ಇದು ಸಲ್ಲದು. ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಕಳಿಸುವುದೆಂದರೆ ಚೀಟಿ ಬರೆದು ಕೊಡುವುದಲ್ಲ, ಆಕೆ ಅಲ್ಲಿಗೆ ಮುಟ್ಟಿದಳೇ ಎಂದು ಆಶಾ ಕಾರ್ಯಕರ್ತೆ ವಿಚಾರಿಸುವವರೆಗೂ ಅದು ಮುಗಿದಂತಲ್ಲ. ಹೆಸರು ಬರೆದುಕೊಂಡು ಚಿಕಿತ್ಸೆಗೆ ದಾರಿ ತೋರಿಸದ ಶಿಬಿರ ನಡೆಸುವುದಕ್ಕಿಂತ ನಡೆಸದಿರುವುದೇ ಮೇಲು.

ಇನ್ನು ಹೊಸ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡುತ್ತಿದೆ: 30ರಿಂದ ಆರಂಭಿಸಿ, ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು. ಇದರಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ತಂದ ಅಂಶ, ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು ಎಂಬುದು. ಮೃದುವಾದ ಒಂದು ಬ್ರಷ್ ಅಥವಾ ಹತ್ತಿಕಡ್ಡಿಯನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಯೋನಿಯೊಳಗೆ ಇಟ್ಟು, ಕೆಲವು ಸಲ ತಿರುಗಿಸಿ, ಕೊಟ್ಟ ಕೊಳವೆಯಲ್ಲಿ ಹಾಕಿ ಮುಚ್ಚಿದರೆ ಆಯಿತು. ಗರ್ಭಕಂಠಕ್ಕೆ ತಾಕಿಸಲೇಬೇಕೆಂದೂ ಇಲ್ಲ. ಯಾರ ಮುಂದೆಯೂ ಮಲಗಬೇಕಿಲ್ಲ, ಸೀರೆ ಸರಿಸಬೇಕಿಲ್ಲ. ಆಸ್ಟ್ರೇಲಿಯಾ 2022ರ ಜುಲೈನಿಂದ ಈ ಆಯ್ಕೆಯನ್ನು ತಪಾಸಣೆಗೆ ಬರುವ ಎಲ್ಲರಿಗೂ ಕೊಟ್ಟಿದೆ. ನಾಚಿಕೆಯಿಂದಲೋ, ಹಿಂದೆ ಹೆರಿಗೆ ಕೋಣೆಯಲ್ಲಿ ಕೇಳಿದ ಬೈಗುಳದ ನೆನಪಿನಿಂದಲೋ ಒಳಪರೀಕ್ಷೆಗೆ ಬರದವರು ನಮ್ಮಲ್ಲಿ ಅಸಂಖ್ಯ. ಅವರಿಗೆ ಇದು ಹೇಳಿಮಾಡಿಸಿದ ಪರೀಕ್ಷೆ.

ದುಡ್ಡು, ಯಂತ್ರ ಎಲ್ಲಿಂದ ಎನ್ನುವವರಿಗೆ ಒಂದು ಮಾಹಿತಿ. ಕ್ಷಯರೋಗ ಪತ್ತೆಗೆ ದೇಶದ ಉದ್ದಗಲಕ್ಕೂ ಬಳಕೆಯಲ್ಲಿರುವ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರವನ್ನು ನೀವು ಕೇಳಿರಬಹುದು. ಗೋವಾದ ಮಾಲ್‌ಬಯೋ ಕಂಪನಿಯ ಈ ಯಂತ್ರದ ಹಿಂದಿನ ಸಂಶೋಧನೆ ನಡೆದದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಬ್ಯಾಟರಿಯಿಂದ ನಡೆಯುವ ಅದೇ ಯಂತ್ರದಲ್ಲಿ ಬೇರೆ ಚಿಪ್ ಹಾಕಿದರೆ ಎಚ್‌ಪಿವಿ ಪರೀಕ್ಷೆಯೂ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವಿದೆ, ನಡೆಸಬಲ್ಲ ತಂತ್ರಜ್ಞರಿದ್ದಾರೆ. ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲಿ ನಾಲ್ಕು ಕೊಳವೆಗಳಿಗೆ ಜಾಗವಿದೆ. ಇವನ್ನು ಜೋಡಿಸುವ ಆದೇಶ, ಚಿಪ್ಪಿಗೆ ಹಣ, ಪಾಸಿಟಿವ್ ಬಂದವರಿಗೆ ಅದೇ ತಾಲ್ಲೂಕಿನಲ್ಲಿ ಉಷ್ಣ ಚಿಕಿತ್ಸೆ, ಇಷ್ಟನ್ನು ನಾವು ಸರ್ಕಾರದಿಂದ ಕೇಳಬೇಕು. ಅಲ್ಲಿಯವರೆಗೆ ವಿಐಎ ನಿಲ್ಲಬಾರದು. 2016ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 30ರಿಂದ 65ರ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಅದು ಸಿಗಬೇಕು. ಹುಡುಗಿಯರಿಗೆ ಲಸಿಕೆ ಹಾಕಿಸಿದರೆ ಸಾಕಲ್ಲವೆ ಎಂದು ಕೇಳುತ್ತಾರೆ. ಲಸಿಕೆ ಬೇಕೇ ಬೇಕು, ಮಗಳಿಗೆ ತಪ್ಪದೆ ಹಾಕಿಸಿ. ಆದರೆ ಮಗಳಿಗೆ ಹಾಕಿದ ಲಸಿಕೆಯಿಂದ ಅಮ್ಮನಿಗೆ ರಕ್ಷಣೆ ಸಿಗುವುದಿಲ್ಲ.

ಕೊನೆಯದಾಗಿ ನಿಮ್ಮಲ್ಲಿ ಕೆಲವು ಕೋರಿಕೆಗಳು. ಮೂವತ್ತು ದಾಟಿದ ಅಕ್ಕತಂಗಿಯರೆ, ಏನೂ ತೊಂದರೆ ಇಲ್ಲದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ‘ಗರ್ಭಕಂಠದ ತಪಾಸಣೆ ಯಾವ ದಿನ ಮಾಡುತ್ತೀರಿ’ ಎಂದು ಕೇಳಿ. ಮಾಡುವುದಿಲ್ಲ ಎಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಔಷಧಕ್ಕೂ ಬಗ್ಗದಿದ್ದರೆ ತಪಾಸಣೆಯ ದಿನಕ್ಕಾಗಿ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಹೋಗಿ. ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಮೂರು ಪ್ರಶ್ನೆ ಕೇಳಿ: ಒಳಗೆ ನೋಡಿದ್ದೀರಾ, ಯಾವ ಪರೀಕ್ಷೆಯಲ್ಲಿ ಏನು ಬಂದಿದೆ, ತೆಗೆಯದೆ ಬೇರೆ ಚಿಕಿತ್ಸೆ ಇಲ್ಲವೆ. ಉತ್ತರ ಸಿಗುವವರೆಗೂ ಹೆಬ್ಬೆಟ್ಟು ಒತ್ತಬೇಡಿ, ಇನ್ನೊಬ್ಬ ವೈದ್ಯರನ್ನು ಕಾಣಿ. ಸಭೆಯಲ್ಲಿರುವ ಗಂಡಸರೆ, ತಪಾಸಣೆಯ ದಿನ ಮಕ್ಕಳನ್ನೂ ದನಕರುಗಳನ್ನೂ ನೀವು ನೋಡಿಕೊಂಡು ಅವರನ್ನು ಕಳಿಸಿಕೊಡಿ.